ಕಾಲನ್ನು ಯಾರೂ ಕೇಳುವುದಿಲ್ಲ

ಮೈಸೂರಿನಲ್ಲಿ ಒಂದು ಜೊತೆ ಸ್ಪೋರ್ಟ್ಸ್ ಶೂಗೆ ಇರುವಷ್ಟು ಕೆಲಸ ಮನೆಯ ಹಿರಿಮಗನಿಗೂ ಇರುವುದಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಬೇಕು, ಸಂಜೆ ಜಿಮ್‌ನಲ್ಲಿ ಸ್ಕ್ವಾಟ್ ಹೊಡೆಯಬೇಕು, ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಬೇಕು, ನಡುವೆ ಹಾಲು ತರಬೇಕು, ಯಾರದೋ ಆರತಕ್ಷತೆಗೂ ಹೋಗಿ ಬರಬೇಕು. ಇಷ್ಟೆಲ್ಲ ದುಡಿಯುವ ಜೀವವನ್ನು ಆರಿಸುವುದು ಮಾತ್ರ ಬಣ್ಣ ನೋಡಿ.

ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚುವ ಹೊತ್ತಿಗೇ ದೇವರಾಜ ಅರಸು ರಸ್ತೆಗೆ ಹೋದರೆ ಬೋಣಿ ಗಿರಾಕಿಯೆಂದು ಮರ್ಯಾದೆ ಸಿಗಬಹುದು, ಸರಿಯಾದ ಅಳತೆ ಸಿಗುವುದಿಲ್ಲ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದುತ್ತದೆ, ಓಡುವಾಗಲೂ ಊದುತ್ತದೆ. ಆದ್ದರಿಂದ ಸಂಜೆಯೇ ಹೋಗಿ. ಓಡುವಾಗ ಹಾಕುವ ಸಾಕ್ಸನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಅಂಗಡಿಯವರು ಕೊಡುವ ತೆಳು ಸಾಕ್ಸಿನಲ್ಲಿ ಸರಿಹೋದ ಶೂ, ಮನೆಯ ದಪ್ಪ ಸಾಕ್ಸ್ ಕಂಡ ದಿನ ಒಳಗೆ ಬಿಟ್ಟುಕೊಳ್ಳುವುದಿಲ್ಲ.

‘ಎಂಟು ಕೊಡಿ’ ಅನ್ನುವುದೂ ಅರ್ಧ ಮಾತೇ. ಬ್ರಿಟಿಷ್ ಲೆಕ್ಕದ ಗಂಡಸರ 8, ಅಮೆರಿಕದ ಲೆಕ್ಕದಲ್ಲಿ ಸುಮಾರು 9. ಸಾಲದ್ದಕ್ಕೆ ಬಹಳ ಜನರಿಗೆ ಎರಡು ಕಾಲೂ ಒಂದೇ ಅಳತೆ ಇರುವುದಿಲ್ಲ. ಎರಡನ್ನೂ ಹಾಕಿ, ಎದ್ದು ನಿಂತು, ದೊಡ್ಡ ಕಾಲಿನ ಮಾತು ಕೇಳಿ. ಮುಂದೆ ಹೆಬ್ಬೆರಳಿನ ಅಗಲ, ಅಂದರೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು. ಅಂಗಡಿ ಹುಡುಗ ಒತ್ತಿ ನೋಡುವುದು ಕಾಲಿನ ಹೆಬ್ಬೆರಳ ಮುಂದೆ. ಎರಡನೇ ಬೆರಳೇ ಉದ್ದವಿರುವವರು ಅದರ ಮುಂದೆ ಒತ್ತಿಸಿಕೊಳ್ಳಬೇಕು. (ಅಂಥ ಬೆರಳಿನ ಹೆಂಡತಿ ಗಂಡನನ್ನು ಆಳುತ್ತಾಳೆ ಅಂತ ಅಜ್ಜಿಯರು ಹೇಳುತ್ತಾರೆ; ಬೆಟ್ಟ ಇಳಿಯುವಾಗ ಆ ಬೆರಳನ್ನು ಶೂ ಆಳುತ್ತದೆ.) ಜಾಗ ಸಾಲದಿದ್ದರೆ ಪ್ರತಿ ಮೆಟ್ಟಿಲಿಗೂ ಬೆರಳು ಮುಂದಕ್ಕೆ ಜಾರಿ ಗುದ್ದಿಕೊಂಡು, ವಾರದೊಳಗೆ ಉಗುರು ಕಪ್ಪಾಗುತ್ತದೆ.

‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್’ ಎಂಬುದು ಚರ್ಮದ ಕಾಲದ ಮಾತು. ಈಗಿನ ಬಲೆಬಟ್ಟೆಯ ಶೂ ಅಗಲಕ್ಕೆ ಚೂರು ಬಗ್ಗೀತು, ಉದ್ದಕ್ಕೆ ಬೆಳೆಯುವುದಿಲ್ಲ. ಮಾತು ಬಿಟ್ಟು ಶೂವನ್ನೇ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ ಬಾಗಬೇಕು. ಮಸಾಲೆ ದೋಸೆಯ ಹಾಗೆ ನಟ್ಟನಡುವೆ ಮಡಿಚಿಕೊಂಡರೆ ಕೆಳಗಿಡಿ. ಒಳಗಿನ ಅಟ್ಟೆ ಎಳೆದು ತೆಗೆದು ಅದರ ಮೇಲೆ ನಿಂತು ನೋಡಿ. ಪಾದ ಪಕ್ಕಕ್ಕೆ ಚಾಚಿಕೊಂಡರೆ ಅದು ನಿಮ್ಮ ಅಗಲಕ್ಕಲ್ಲ.

ಜಿಮ್ಮಿನ ಕಥೆ ಬೇರೆ. ಓಟದ ಶೂಗಳ ಹಿಮ್ಮಡಿ ಸಾಮಾನ್ಯವಾಗಿ ಮುಂಗಾಲಿಗಿಂತ 8ರಿಂದ 12 ಮಿಲಿಮೀಟರ್ ಎತ್ತರ, ಕೆಳಗೆ ಮೆತ್ತನೆ ಫೋಮ್. ರಸ್ತೆಯ ಪೆಟ್ಟು ನುಂಗಲು ಅದು ಬೇಕು. ಹೆಗಲ ಮೇಲೆ ಭಾರದ ಬಾರ್ ಬಂದಾಗ ಅದೇ ಫೋಮ್ ಅತ್ತಿತ್ತ ಕುಸಿದು ಮಂಡಿ ಅಲುಗಾಡುತ್ತದೆ. ಹತ್ತಿ ಹಾಸಿಗೆ ಮೇಲೆ ನಿಂತು ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿದ ಹಾಗೆ. ಭಾರ ಎತ್ತಲು ಚಪ್ಪಟೆ, ಗಟ್ಟಿ ಅಟ್ಟೆ ಬೇಕು. ಶಾಲೆಯ ಪಿಟಿ ಪೀರಿಯಡ್ಡಿನ ಕ್ಯಾನ್ವಾಸ್ ಶೂ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ ಎಷ್ಟೋ ವಾಸಿ, ಜಿಮ್ಮಿನ ಕನ್ನಡಿಗೆ ಮಾತ್ರ ಅದು ಹಿಡಿಸುವುದಿಲ್ಲ. ಅಡ್ಡಡ್ಡ ನೆಗೆಯುವ ಜುಂಬಾ ಕುಣಿತಕ್ಕೂ ಎತ್ತರದ ಓಟದ ಶೂ ಆಗದು, ಕಾಲು ಉಳುಕುತ್ತದೆ.

ಕಣಕಾಲ ಹತ್ತಿರ ಒಂಟಿಯಾಗಿ ಕೂತ ಆ ಕೊನೆಯ ತೂತು ಕಾರ್ಖಾನೆಯ ತಪ್ಪಲ್ಲ. ಲೇಸನ್ನು ಅದೇ ಪಕ್ಕದ ಮೇಲಿನ ತೂತಿಗೆ ತೂರಿಸಿ ಪುಟ್ಟ ಕುಣಿಕೆ ಮಾಡಿ. ಎರಡು ಕಡೆಯೂ ಆದ ಮೇಲೆ ಬಲಗಡೆಯ ತುದಿಯನ್ನು ಎಡಗಡೆಯ ಕುಣಿಕೆಯಲ್ಲಿ, ಎಡಗಡೆಯದನ್ನು ಬಲಗಡೆಯದರಲ್ಲಿ ದಾಟಿಸಿ ಎಳೆದು ಕಟ್ಟಿ. ಹಿಮ್ಮಡಿ ಮೇಲೇಳುವುದೂ ಬೊಬ್ಬೆ ಬರುವುದೂ ಬಹುಮಟ್ಟಿಗೆ ನಿಲ್ಲುತ್ತದೆ.

ಕೊಳೆಯಾದರೆ ವಾಷಿಂಗ್ ಮಷೀನಿಗೆ ಹಾಕಿ ತಾರಸಿಯ ಉರಿಬಿಸಿಲಿಗೆ ಇಡಬೇಡಿ. ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಬ್ರಷ್ಷಿನಲ್ಲಿ ಉಜ್ಜಿ, ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ.

ಓಟದ ಶೂವಿನ ಆಯುಸ್ಸು ಸುಮಾರು 500ರಿಂದ 800 ಕಿಲೋಮೀಟರ್. ವಾರಕ್ಕೆ 25 ಕಿಲೋಮೀಟರ್ ಓಡುವವರಿಗೆ ಐದರಿಂದ ಏಳು ತಿಂಗಳು. ಜನವರಿ 1ಕ್ಕೆ ಶುರುಮಾಡಿ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ನಿಲ್ಲಿಸುವವರ ಶೂ ಮೊಮ್ಮಕ್ಕಳಿಗೂ ಆದೀತು ಅನ್ನಬೇಡಿ, ಇಟ್ಟಲ್ಲೇ ಇಟ್ಟರೂ ಅಂಟು ಒಣಗುತ್ತದೆ. ಇನ್ನು ಓಡಿ ಸವೆದದ್ದನ್ನು ಮನೆಯವರು ಎಸೆಯುತ್ತಾರೆಯೇ? ಓಟದಿಂದ ನಿವೃತ್ತಿ ಅಷ್ಟೆ. ನಾಳೆ ಬೆಳಿಗ್ಗೆ ಹಾಲಿಗೆ ಅದೇ ಹೋಗಬೇಕು.