ಕುರ್ಚಿ ಸರ್ಕಾರದ್ದು, ಬಾಯಿ ಕಂಪನಿಯದು

ಐರ್ಲೆಂಡ್ ಸರ್ಕಾರವು 2006ರಲ್ಲಿ ಏರ್ ಲಿಂಗಸ್ ವಿಮಾನ ಸಂಸ್ಥೆಯನ್ನು ಷೇರುಪೇಟೆಗೆ ಬಿಟ್ಟಾಗ, ಶೇ 25ಕ್ಕಿಂತ ತುಸು ಹೆಚ್ಚಿನ ಪಾಲನ್ನು ತನ್ನಲ್ಲೇ ಇಟ್ಟುಕೊಂಡು, ಆಡಳಿತ ಮಂಡಳಿಗೆ ತನ್ನ ಕಡೆಯ ನಿರ್ದೇಶಕರನ್ನು ನೇಮಿಸುವ ಹಕ್ಕನ್ನೂ ಉಳಿಸಿಕೊಂಡಿತು. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಸಂಸ್ಥೆಗಿದ್ದ ಸ್ಲಾಟ್‌ಗಳು, ಅಂದರೆ ವಿಮಾನ ಇಳಿದು ಏರಲು ಗೊತ್ತುಮಾಡಿದ ಹೊತ್ತುಗಳು, ಕೈತಪ್ಪಿ ಹೋಗದಂತೆ ಕಾಯುವುದು ಇದರ ಉದ್ದೇಶವಾಗಿತ್ತು.

ವರ್ಷ ತುಂಬುವ ಮೊದಲೇ, 2007ರ ಆಗಸ್ಟ್‌ನಲ್ಲಿ, ಸಂಸ್ಥೆಯು ದೇಶದ ಪಶ್ಚಿಮ ಭಾಗದ ಶ್ಯಾನನ್‌ನಿಂದ ಹೀಥ್ರೂಗೆ ದಿನಕ್ಕೆ ನಾಲ್ಕು ಬಾರಿ ಹಾರುತ್ತಿದ್ದ ವಿಮಾನಗಳನ್ನು ನಿಲ್ಲಿಸಿ, ಆ ಹೊತ್ತುಗಳನ್ನು ಗಡಿಯಾಚೆಯ ಬೆಲ್‌ಫಾಸ್ಟ್‌ಗೆ ಕೊಡುವುದಾಗಿ ಪ್ರಕಟಿಸಿತು. ಮಾರಿದ್ದರೆ ತಡೆಯುವ ದಾರಿ ನಿಯಮಾವಳಿಯಲ್ಲಿತ್ತು. ಆದರೆ ಇಲ್ಲಿ ಯಾರೂ ಏನನ್ನೂ ಮಾರಿರಲಿಲ್ಲ. ಕಳ್ಳರಿಗಾಗಿ ಕೊಟ್ಟಿಗೆ ಕಾಯುತ್ತಿದ್ದವನ ಕಣ್ಣೆದುರೇ ಮನೆಯ ಆಳು ಹಸುವನ್ನು ಬಿಚ್ಚಿ ಪಕ್ಕದೂರಿನಲ್ಲಿ ಕಟ್ಟಿಬಂದರೆ, ಕಳ್ಳತನವಂತೂ ನಡೆದಿಲ್ಲವೆಂದು ಕಾವಲುಗಾರ ನಿಶ್ಚಿಂತೆಯಿಂದ ಬರೆದಿಡಬಹುದು. ಇದು ವಾಣಿಜ್ಯ ನಿರ್ಧಾರ, ನಾವು ಕೈಹಾಕುವುದಿಲ್ಲ ಎಂದು ಸರ್ಕಾರವೂ ಹೆಚ್ಚುಕಡಿಮೆ ಹಾಗೆಯೇ ಬರೆದಿಟ್ಟಿತು.

ಹಾಗಾದರೆ ಸರ್ಕಾರ ನೇಮಿಸುವ ನಿರ್ದೇಶಕರು ಯಾತಕ್ಕೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಹಳೆಯ ಗಾದೆಯನ್ನು ನಾವು ಬಿಟ್ಟರೂ ಕಂಪನಿ ಕಾನೂನು ಬಿಟ್ಟಿಲ್ಲ: ಸಚಿವರ ಸಹಿ ಬಿದ್ದ ನೇಮಕಪತ್ರವನ್ನು ಹಿಡಿದು ಒಳಹೋದವರು, ಕುರ್ಚಿಯಲ್ಲಿ ಕುಳಿತ ಗಳಿಗೆಯಿಂದ ಕಂಪನಿಯ ಹಿತಕ್ಕೆ ಬದ್ಧರೇ ಹೊರತು ಕಳಿಸಿದವರ ಹಿತಕ್ಕಲ್ಲ. ಅಂಥ ಒಬ್ಬ ಸಜ್ಜನರನ್ನು ಕಲ್ಪಿಸಿಕೊಳ್ಳಿ. ಕಾರ್ಯಸೂಚಿಯಲ್ಲಿ ಶ್ಯಾನನ್ ಎಂಬ ಹೆಸರು ಬಂದಾಗ ಅವರು ನೀರಿನ ಲೋಟವನ್ನು ಅರ್ಧ ಇಂಚು ಎಡಕ್ಕೆ ಸರಿಸುತ್ತಾರೆ, ಕನ್ನಡಕ ಒರೆಸುತ್ತಾರೆ, ಪುಟ ತಿರುವುತ್ತಾರೆ. ಜನರ ಪರವಾಗಿ ಮಾತನಾಡಿದರೆ ಕಾನೂನಿನ ಅಡ್ಡಿ, ಕಂಪನಿಯ ಪರವಾಗಿ ಮಾತನಾಡಲು ಬೇರೆಯವರೇ ಸಾಕಷ್ಟಿದ್ದಾರೆ. ಲೋಟ ಸರಿಸುವುದಕ್ಕೆ ಮಾತ್ರ ಯಾವ ಕಾನೂನೂ ಅಡ್ಡಬರುವುದಿಲ್ಲ.

ಹೊರಗೆ ಗದ್ದಲಕ್ಕೇನೂ ಕೊರತೆಯಿರಲಿಲ್ಲ. ಶ್ಯಾನನ್‌ಗೆ ಹತ್ತಿರದ ಲಿಮೆರಿಕ್‌ನಿಂದ ಆರಿಸಿಬಂದಿದ್ದ ರಕ್ಷಣಾ ಸಚಿವ ವಿಲ್ಲಿ ಓಡೇ ಅವರು, ತಾವೇ ಸಂಪುಟದಲ್ಲಿದ್ದುಕೊಂಡು, ಈ ನಿರ್ಧಾರವನ್ನು ಬಹಿರಂಗವಾಗಿ ಖಂಡಿಸಿದರು. ಇನ್ನೂ ಸೊಗಸೆಂದರೆ, ಏರ್ ಲಿಂಗಸ್‌ನ ದೊಡ್ಡ ಪಾಲನ್ನು ಕೊಂಡಿದ್ದ ಪ್ರತಿಸ್ಪರ್ಧಿ ರಯಾನ್‌ಏರ್, ಈ ವಿಷಯಕ್ಕಾಗಿ ಷೇರುದಾರರ ವಿಶೇಷ ಸಭೆ ಕರೆಯಿರೆಂದು ಪಟ್ಟುಹಿಡಿಯಿತು. ಹೀಗೆ ಎದುರಾಳಿಯ ಷೇರಿಗೆ ಬಾಯಿ ಬಂದಿತು; ಪ್ರಜೆಗಳ ಷೇರು ಸಭ್ಯತೆಯಿಂದ ಕುಳಿತಿತ್ತು.

2015ರಲ್ಲಿ ಸರ್ಕಾರ ತನ್ನ ಪಾಲನ್ನು ಬ್ರಿಟಿಷ್ ಏರ್‌ವೇಸ್‌ನ ಮಾತೃಸಂಸ್ಥೆ ಐಎಜಿಗೆ ಸುಮಾರು 33.5 ಕೋಟಿ ಯೂರೊಗೆ ಮಾರಿ ಕೈತೊಳೆದುಕೊಂಡಿತು. ಮಾರುವಾಗ ಮಾತ್ರ ಒಂದೇ ಒಂದು ವಿಶೇಷ ಷೇರನ್ನು ಉಳಿಸಿಕೊಂಡು, ತನ್ನ ಒಪ್ಪಿಗೆಯಿಲ್ಲದೆ ಹೀಥ್ರೂ ಸ್ಲಾಟ್‌ಗಳನ್ನು ಮಾರುವಂತಿಲ್ಲವೆಂದೂ, ಏಳು ವರ್ಷ ಅವು ಡಬ್ಲಿನ್, ಕಾರ್ಕ್ ಮತ್ತು ಶ್ಯಾನನ್‌ಗಳಿಗೇ ಮೀಸಲೆಂದೂ ಬರೆಸಿಕೊಂಡಿತು. ಕಾಲು ಭಾಗದ ಒಡೆತನ ಮತ್ತು ನಿರ್ದೇಶಕರ ಕುರ್ಚಿಗಳಿಂದ ಆಗದ ಕಾವಲು ಒಂದು ಷೇರಿನಿಂದ ಸಾಧ್ಯವಾಯಿತು. ಆ ಷೇರಿಗೆ ಸಭೆಯ ಭತ್ಯೆಯನ್ನೂ ಕೊಡಬೇಕಾಗಿಲ್ಲ.