ವಾಯುಪಡೆಯ ಕಿವಿ ಮೇಲೆ ಹೂವು

ನ್ಯೂಜಿಲೆಂಡ್ ವಾಯುಪಡೆಯ ವಿಮಾನಗಳ ಮೇಲೆ ದುಂಡನೆಯ ಗುರುತೊಂದು ಇರುತ್ತದೆ. ನೀಲಿ ಬಳೆ, ಅದರೊಳಗೆ ಬಿಳಿ, ನಟ್ಟನಡುವೆ ಕೆಂಪು ಕಿವಿ ಹಕ್ಕಿ. ಈ ಕಿವಿಗೆ ಹಾರೋಕೆ ಬರುವುದಿಲ್ಲ. ನಗಬೇಡಿ. ಬೇರೆ ದೇಶಗಳು ಹದ್ದು, ಗಿಡುಗ ಬಿಡಿಸಿಕೊಂಡು ಬಡಾಯಿ ಕೊಚ್ಚುತ್ತವೆ. ಇವರು ಇರೋದನ್ನ ಮೊದಲೇ ಹೇಳಿಬಿಟ್ಟಿದ್ದಾರೆ, ಅಷ್ಟೆ.

1970ರಲ್ಲಿ ಇವರು ಅಮೆರಿಕದಿಂದ 14 ಸ್ಕೈಹಾಕ್ ಯುದ್ಧ ವಿಮಾನ ತಂದರು. 1984ರಲ್ಲಿ ಆಸ್ಟ್ರೇಲಿಯಾದ ನೌಕಾಪಡೆ ಬಳಸಿ ಬಿಟ್ಟ ಇನ್ನೂ 10 ಬಂದವು. ಹಾಗಾದರೆ ಇವು ಮಾಡಿದ ಯುದ್ಧ ಯಾವುದು? 1976ರಲ್ಲಿ ತೈವಾನ್‌ನ ಮೀನುಗಾರಿಕೆ ಹಡಗೊಂದು ಕದ್ದು ಬಂದು, ಹಿಡಿಯಲು ಹೋದರೆ ಓಡಿತು. ಸ್ಕೈಹಾಕ್ ಎದ್ದು ಹೋಗಿ ಅದರ ಮುಂದಿನ ನೀರಿಗೆ ಗುಂಡು ಹಾರಿಸಿತು. ಹಡಗು ಹಿಡಿಯುತ್ತಿದ್ದದ್ದು ಸ್ಕ್ವಿಡ್. ನಮ್ಮ ಮಂಗಳೂರಿನವರು ಬೊಂಡಾಸ ಅನ್ನುತ್ತಾರಲ್ಲ, ಅದೇ. ಮೂವತ್ತು ವರ್ಷದ ಸೇವೆಯಲ್ಲಿ ಶತ್ರು ಅಂತ ಸಿಕ್ಕಿದ್ದು ಬೊಂಡಾಸದ ಹಡಗು!

ಅಂಥ ವೀರನಿಗೆ ಸನ್ಮಾನ ಬೇಡವೇ? ಎಂಬತ್ತರ ದಶಕದ ಕೊನೆಗೆ 'ಕಾಹು' ಅನ್ನುವ ಯೋಜನೆ ಬಂತು. ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಕಾಹು ಅಂದರೆ ಗಿಡುಗ. ಸುಮಾರು 14 ಕೋಟಿ ನ್ಯೂಜಿಲೆಂಡ್ ಡಾಲರ್ ಸುರಿದು ಹೊಸ ರೇಡಾರ್, ಹೊಸ ಕಾಕ್‌ಪಿಟ್ ಕೂರಿಸಿದರು. ಹಳೇ ಅಂಬಾಸಿಡರ್‌ಗೆ ಟಚ್ ಸ್ಕ್ರೀನ್ ಹಾಕಿಸಿದ ಹಾಗೆ. ಕೆಲಸ ಚೆನ್ನಾಗೇ ಆಯಿತು, ಅದರಲ್ಲಿ ಅನುಮಾನವಿಲ್ಲ.

ಆಮೇಲೆ ಸರ್ಕಾರ ಬದಲಾಯಿತು. ಹಿಂದಿನವರು ಪಾಕಿಸ್ತಾನಕ್ಕೆಂದು ತಯಾರಾಗಿ ಅಮೆರಿಕದಲ್ಲೇ ಉಳಿದಿದ್ದ 28 ಎಫ್-16 ಯುದ್ಧ ವಿಮಾನಗಳನ್ನು ಬಾಡಿಗೆಗೆ ಒಪ್ಪಿಕೊಂಡಿದ್ದರು. 2000ದಲ್ಲಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಅದನ್ನು ರದ್ದು ಮಾಡಿದರು. 2001ರಲ್ಲಿ ಯುದ್ಧ ವಿಮಾನದ ದಳವನ್ನೇ ಮುಚ್ಚಿದರು. ಸುತ್ತ ಸಮುದ್ರ, ಹೊಡೆಯಲು ಬರುವವರು ಯಾರೂ ಇಲ್ಲ ಅನ್ನುವುದು ಅವರ ವಾದ. ನನಗೂ ಅದು ತಪ್ಪು ಅನ್ನಿಸುವುದಿಲ್ಲ. ಬೇಡ ಅಂದಮೇಲೆ ಬೇಡ. ಮಜಾ ಇರುವುದು ಮುಂದಿನ ಭಾಗದಲ್ಲಿ.

ಬೇಡವಾದ ವಿಮಾನ ಮಾರಬೇಕಲ್ಲ? 17 ಸ್ಕೈಹಾಕ್, ಜೊತೆಗೆ 17 ಮಾಕಿ ತರಬೇತಿ ವಿಮಾನ. 2005ರಲ್ಲಿ ಅಮೆರಿಕದ ಕಂಪನಿಯೊಂದು ಮುಂದೆ ಬಂತು. ಸ್ಕೈಹಾಕ್ ಅಮೆರಿಕದ್ದು, ಕೊಳ್ಳುವವರೂ ಅಮೆರಿಕದವರು. ಮಾರಾಟಕ್ಕೆ ಬೇಕಾದ ಒಪ್ಪಿಗೆ ಮಾತ್ರ ಅಮೆರಿಕ ಸರ್ಕಾರದಿಂದ ಬರಲಿಲ್ಲ. ಫೈಲು ಅಲ್ಲೂ ನಮ್ಮ ತಾಲ್ಲೂಕು ಕಚೇರಿಯ ವೇಗದಲ್ಲೇ ಹೋಗುತ್ತದೆ ಅಂತ ತಿಳಿದು ಸ್ವಲ್ಪ ಸಮಾಧಾನವಾಯಿತು.

ಅಲ್ಲಿಯವರೆಗೆ ಇವುಗಳನ್ನು ಎಲ್ಲಿಡುವುದು? ದ್ರಾಕ್ಷಿ ತೋಟಗಳ ಸೀಮೆಯಾದ ಮಾರ್ಲ್‌ಬರೋದಲ್ಲಿ, ವುಡ್‌ಬೋರ್ನ್ ನೆಲೆಯ ಬಯಲಿನಲ್ಲಿ ನಿಲ್ಲಿಸಿ, ಮೂಗಿನಿಂದ ಬಾಲದವರೆಗೆ ಬಿಳಿ ಲ್ಯಾಟೆಕ್ಸ್ ಬಳಿದರು. ನಾವು ಹೊಸ ಕಾರಿನ ಸೀಟಿಗಿರುವ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ಕೀಳದ ಜನ. ಆದರೆ ನಾವು ಕಾರನ್ನಾದರೂ ಓಡಿಸುತ್ತೇವೆ. ಇವರು ಹಾರದ ವಿಮಾನ ಹಾಳಾಗದ ಹಾಗೆ ನೋಡಿಕೊಳ್ಳಲು ವರ್ಷವರ್ಷವೂ ತೆರಿಗೆ ಹಣ ಸುರಿದರು.

ಕೊನೆಗೆ 2012ರಲ್ಲಿ ಡ್ರೇಕನ್ ಎಂಬ ಇನ್ನೊಂದು ಅಮೆರಿಕನ್ ಕಂಪನಿ 8 ಸ್ಕೈಹಾಕ್, 9 ಮಾಕಿ ಕೊಂಡಿತು. ಬೆಲೆ ಸುಮಾರು 79 ಲಕ್ಷ ನ್ಯೂಜಿಲೆಂಡ್ ಡಾಲರ್. ಉಳಿದ ಸ್ಕೈಹಾಕ್‌ಗಳು ಮ್ಯೂಸಿಯಂ ಸೇರಿದವು. 14 ಕೋಟಿ ಮತ್ತು 79 ಲಕ್ಷದ ಲೆಕ್ಕ ನೀವೇ ಹಾಕಿಕೊಳ್ಳಿ, ನಾನು ಗಣಿತದಲ್ಲಿ ವೀಕು.

ಮಾರಿದವು ಸುಮ್ನೆ ಕೂತವೇ? ಇಲ್ಲ. ಅಮೆರಿಕದ ಪೈಲಟ್‌ಗಳ ತರಬೇತಿಯಲ್ಲಿ ಶತ್ರು ವಿಮಾನದ ಪಾತ್ರ ಹಾಕಿಕೊಂಡು ಹಾರಿದವು. ಊರಲ್ಲಿ ಕೆಲಸಕ್ಕೆ ಬಾರದವನು ಅಂತ ಬೈಸಿಕೊಂಡ ಮಗ ಅಮೆರಿಕಕ್ಕೆ ಹೋಗಿ ದುಡಿದ ಹಾಗಾಯಿತು. ಒಂದೇ ವ್ಯತ್ಯಾಸ, ಈ ಮಗ ಮನೆಗೆ ದುಡ್ಡು ಕಳಿಸಲಿಲ್ಲ.

ಈಗ ನ್ಯೂಜಿಲೆಂಡ್‌ನಲ್ಲಿ ಯುದ್ಧ ವಿಮಾನ ಒಂದೂ ಇಲ್ಲ. ಆದರೂ ಮುದಿ ವಿಮಾನಗಳ ಮೇಲಿನ ಪ್ರೀತಿ ಹೋಗಿಲ್ಲ. ಪ್ರಧಾನಿ ಓಡಾಡುವುದು ವಾಯುಪಡೆಯ ಎರಡು ಬೋಯಿಂಗ್ 757ಗಳಲ್ಲಿ. ಎರಡಕ್ಕೂ ಮೂವತ್ತು ದಾಟಿದೆ. 2023ರ ಜೂನ್‌ನಲ್ಲಿ ಪ್ರಧಾನಿ ಕ್ರಿಸ್ ಹಿಪ್ಕಿನ್ಸ್ ಬೀಜಿಂಗ್‌ಗೆ ಹೊರಟಾಗ, ಒಂದು ಕೈಕೊಟ್ಟರೆ ಇರಲಿ ಅಂತ ಇನ್ನೊಂದನ್ನೂ ಹಿಂದೆ ಕಳಿಸಿದರು. ಸ್ಟೆಪ್ನಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗುವವರನ್ನು ನೋಡಿದ್ದೇವೆ. ಇವರ ಸ್ಟೆಪ್ನಿ ತಾನೇ ಎದ್ದು ಹಾರಿ, ಮನಿಲಾದಲ್ಲಿ ಇಳಿದು, ಕರೆ ಬರುತ್ತದೇನೋ ಅಂತ ಕಾದು ಕೂತಿತ್ತು.