‘ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀವಿ’ ಅಂತ ಅವನಿಗೆ ಹೇಳಬೇಡಿ

ಇವತ್ತು ಆಗಸ್ಟ್ 27, ಸಂತ ಮೋನಿಕಾರ ಹಬ್ಬ. ನಾಳೆ ಅವರ ಮಗ ಸಂತ ಅಗಸ್ಟಿನ್ ಹಬ್ಬ. ನಾಡಿದ್ದು ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಮೇರಿ ಮಾತೆಯ ಹಬ್ಬದ ಬಾವುಟ ಏರುತ್ತದೆ. ಆಮೇಲೆ ಸೆಪ್ಟೆಂಬರ್ 8ರವರೆಗೆ ಜನವೋ ಜನ. ಈ ದಿನಗಳಲ್ಲಿ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ತಪ್ಪದೆ ಓಡಾಡುತ್ತದೆ. ಮೋನಿಕಾ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದರು, ದಾರಿ ತಪ್ಪಿದ ಮಗ ವಾಪಸ್ ಬಂದ, ಬಿಷಪ್ ಆದ, ಸಂತನೂ ಆದ. ನೀವೂ ಬಿಡದೆ ಪ್ರಾರ್ಥಿಸಿ, ಫಲ ಖಂಡಿತ. ಹತ್ತು ಜನಕ್ಕೆ ಫಾರ್ವರ್ಡ್ ಮಾಡಿ.

ಓದುವಾಗೆಲ್ಲ ನನಗೆ ವಾರಂಟಿ ಕಾರ್ಡ್ ಓದಿದ ಹಾಗಾಗುತ್ತದೆ.

ನನ್ನ ತಮ್ಮ ನಂಬಿಕೆ ಬಿಟ್ಟು ಕೆಲವು ವರ್ಷಗಳಾದವು. ಬೇರೆ ಧರ್ಮಕ್ಕೇನೂ ಹೋಗಲಿಲ್ಲ. ದೇವರೇ ಇಲ್ಲ ಅಂತಾನೆ. ಜ್ಞಾನಸ್ನಾನ, ಪರಮಪ್ರಸಾದ, ದೃಢೀಕರಣ ಅಂತ ಚರ್ಚಿನ ಸಂಸ್ಕಾರಗಳೆಲ್ಲ ಆದವನು. ಚಿಕ್ಕವನಿದ್ದಾಗ ಪೂಜೆಯಲ್ಲಿ ಗಂಟೆ ಬಾರಿಸಲು ಬೇರೆ ಹುಡುಗರ ಜೊತೆ ಕಿತ್ತಾಡುತ್ತಿದ್ದವನು. ಯಾಕೆ ಬಿಟ್ಟೆ ಅಂತ ಕೇಳಿದರೆ ಒಂದು ಕಾರಣ ಅಂತ ಹೇಳುವುದಿಲ್ಲ. ಅಪ್ಪನ ಕಾಯಿಲೆ ಇತ್ತು, ಓದಿದ ಪುಸ್ತಕಗಳಿದ್ದವು, ಚರ್ಚಿನೊಳಗಿನ ಜಾತಿ ಮತ್ತು ಭಾಷೆಯ ಜಗಳಗಳೂ ಇದ್ದವು. "ಬಿಡ್ಬೇಕು ಅಂತ ಬಿಡ್ಲಿಲ್ಲಕ್ಕ, ಒಂದಿನ ನೋಡಿದ್ರೆ ಇರ್ಲೇ ಇಲ್ಲ" ಅನ್ನುತ್ತಾನೆ. ನಾನು ನಂಬುವವಳು. ಅವನಿಗಾಗಿ ದಿನಾ ಪ್ರಾರ್ಥಿಸುವವಳು. ಹಾಗಾಗಿಯೇ ಈ ಬರಹ.

ನೆಂಟರ ಮನೆಯಲ್ಲಿ ನಡೆಯುವುದು ಹೀಗೆ. ಅವನ ತಟ್ಟೆಗೆ ಬಿರಿಯಾನಿ ಬಡಿಸುತ್ತಾ ಯಾರೋ ಒಬ್ಬರು ಧ್ವನಿ ತಗ್ಗಿಸಿ ಹೇಳುತ್ತಾರೆ, "ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀವಪ್ಪಾ." ಕ್ಯಾನ್ಸರ್ ವಾರ್ಡಿನಲ್ಲಿ ಬಳಸುವ ಧ್ವನಿ ಅದು. ಅವನು ನಕ್ಕು ಸುಮ್ಮನಾಗುತ್ತಾನೆ. ಬೇಜಾರಾಗುತ್ತಾ ಅಂತ ಒಮ್ಮೆ ಕೇಳಿದೆ. "ಬೇಜಾರೇನಿಲ್ಲ. ಆದ್ರೆ ಅವರು ಅದನ್ನ ಹೇಳ್ತಿರೋದು ನನಗೆ, ದೇವರಿಗಲ್ಲ ಅಲ್ವಾ?" ಅಂದ.

ದೇವರಿಲ್ಲ ಅನ್ನುವವನಿಗೆ ಅರ್ಥವಾಗಿದ್ದು ನಮ್ಮವರಿಗೆ ಆಗಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸು ಅಂತ ಯೇಸುಸ್ವಾಮಿಯೇ ಹೇಳಿದ್ದು, ಮತ್ತಾಯನ ಆರನೇ ಅಧ್ಯಾಯದಲ್ಲಿ. ನಾವೋ ಹೆಸರು, ಊರು, ಕೆಲಸ ಮಾಡುವ ಕಂಪನಿ ಸಮೇತ ಗ್ರೂಪಿನಲ್ಲಿ ಹಾಕುತ್ತೇವೆ. ‘ಪ್ರಾರ್ಥನಾ ಕೋರಿಕೆ’ ಅಂತ ಮೇಲೆ ಬರೆದುಬಿಟ್ಟರೆ ಚಾಡಿಯೂ ಭಕ್ತಿಯಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ಉಪವಾಸ ಪ್ರಾರ್ಥನೆಯಲ್ಲಿ ಕೇಳಿಸಿಕೊಂಡಿದ್ದು: "ಏಟು ಕೊಟ್ಟಾದರೂ ಸರಿ, ಅವನನ್ನು ವಾಪಸ್ ಕರ್ಕೊಂಡು ಬಾ ಸ್ವಾಮಿ." ಸುತ್ತ ಕೂತಿದ್ದವರೆಲ್ಲ ಆಮೆನ್ ಅಂದರು. ಏಟು ಅಂದರೆ ಏನು? ಬೈಕ್ ಆಕ್ಸಿಡೆಂಟಾ? ಕೆಲಸ ಹೋಗಬೇಕಾ? ಅವನ ಮಗುವಿಗೆ ಏನಾದರೂ ಆಗಬೇಕಾ? ಇದನ್ನೇ ಬೇರೆಯವರು ಬೇರೆ ದೇವರ ಮುಂದೆ ಕೇಳಿದ್ದರೆ ಮಾಟ ಅನ್ನುತ್ತಿದ್ದೆವು.

ಮೋನಿಕಾರ ಕಥೆಗೆ ಬರುತ್ತೇನೆ. ಆ ಫಾರ್ವರ್ಡ್ ಮೆಸೇಜಿನಲ್ಲಿ ಇಲ್ಲದ ಭಾಗವೇ ನನಗೆ ಇಷ್ಟ. ಇದನ್ನೆಲ್ಲ ಅಗಸ್ಟಿನ್ ಅವರೇ ಬರೆದಿಟ್ಟಿದ್ದಾರೆ. ಊರು ತಗಾಸ್ತೆ, ಈಗಿನ ಅಲ್ಜೀರಿಯಾದಲ್ಲಿದೆ. ಮಗ ಹತ್ತೊಂಬತ್ತರ ವಯಸ್ಸಿಗೆ ಚರ್ಚು ಒಪ್ಪದ, ಮಾನಿ ಎಂಬುವವನ ಪಂಥ ಸೇರಿದ. ಒಂಬತ್ತು ವರ್ಷದಷ್ಟು ಅಲ್ಲೇ ಇದ್ದ. ಮೋನಿಕಾ ಮೊದಲು ಮಾಡಿದ್ದೇನು ಗೊತ್ತಾ? ಒಂದೇ ಮನೆಯಲ್ಲಿ ಮಗನ ಜೊತೆ ಇರಲು, ಒಟ್ಟಿಗೆ ಊಟಕ್ಕೆ ಕೂರಲು ಒಪ್ಪಲಿಲ್ಲ. ಆಮೇಲೆ ಒಂದು ಕನಸು ಬಿತ್ತು. ನೀನು ಎಲ್ಲಿದ್ದೀಯೋ ಅಲ್ಲೇ ಅವನೂ ಇದ್ದಾನೆ ನೋಡು ಅಂತ ಯಾರೋ ಹೇಳಿದ ಹಾಗೆ. ಆಗ ಮತ್ತೆ ಮನೆಗೆ ಸೇರಿಸಿಕೊಂಡರು, ಜೊತೆಗೆ ಊಟ ಮಾಡಿದರು. ಅವನಿನ್ನೂ ಬದಲಾಗಿರಲಿಲ್ಲ. ಬದಲಾಗಲು ಇನ್ನೂ ಬಹಳ ವರ್ಷ ಬೇಕಿತ್ತು. ಊಟ ಮಾತ್ರ ಮೊದಲೇ ಶುರುವಾಯಿತು.

ಆಮೇಲೆ ಒಬ್ಬ ಬಿಷಪ್ ಹತ್ತಿರ ಹೋಗಿ, ನನ್ನ ಮಗನ ಜೊತೆ ವಾದ ಮಾಡಿ ಬುದ್ಧಿ ಹೇಳಿ ಅಂತ ಬೇಡಿಕೊಂಡರು. ಆ ಬಿಷಪ್ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದವರು, ತಾವಾಗಿಯೇ ಓದಿ ಹೊರಬಂದವರು. ಅವರು ಒಪ್ಪಲಿಲ್ಲ. ಅವನನ್ನು ಅವನ ಪಾಡಿಗೆ ಬಿಡು, ಪ್ರಾರ್ಥಿಸು ಅಷ್ಟೆ, ಓದುತ್ತಾ ಓದುತ್ತಾ ಅವನಿಗೇ ತಿಳಿಯುತ್ತದೆ ಅಂದರು. ಮೋನಿಕಾ ಬಿಡಲಿಲ್ಲ, ಅತ್ತರು. ಕೊನೆಗೆ ಬಿಷಪ್ಪರಿಗೇ ರೇಗಿತು. ಹೋಗಮ್ಮಾ, ಇಂಥ ಕಣ್ಣೀರಿನ ಮಗ ಹಾಳಾಗುವುದು ಸಾಧ್ಯವಿಲ್ಲ ಅಂದರು. ಈ ಮಾತನ್ನು ಈಗ ಚಂದದ ಅಕ್ಷರದಲ್ಲಿ ಪೋಸ್ಟರ್ ಮಾಡುತ್ತಾರೆ. ಸಾಕಾಗಿ ಹೇಳಿದ ಮಾತು ಅಂತ ಯಾರೂ ಬರೆಯುವುದಿಲ್ಲ!

ಇನ್ನೊಂದು ರಾತ್ರಿಯ ವಿಷಯ. 383ರಲ್ಲಿ ಅಗಸ್ಟಿನ್ ಕಾರ್ಥೇಜಿನಿಂದ ರೋಮಿಗೆ ಹೊರಟರು. ತಾಯಿ ಬಂದರು ತಡೆಯಲು. ಸ್ನೇಹಿತನನ್ನು ಬೀಳ್ಕೊಡಬೇಕು ಅಂತ ಸುಳ್ಳು ಹೇಳಿ, ತಾಯಿಯನ್ನು ಸಂತ ಸಿಪ್ರಿಯನ್ ಗುಡಿಯಲ್ಲಿ ಬಿಟ್ಟು, ರಾತ್ರೋರಾತ್ರಿ ಹಡಗು ಹತ್ತಿದರು. ಮೋನಿಕಾ ಇಡೀ ರಾತ್ರಿ ಕೇಳಿಕೊಂಡಿದ್ದು ಒಂದೇ: ಅವನು ಹೋಗದಿರಲಿ. ಆ ಪ್ರಾರ್ಥನೆ ಈಡೇರಲಿಲ್ಲ. ಆದರೆ ಇಟಲಿಗೆ ಹೋಗಿದ್ದರಿಂದಲೇ ಮಿಲಾನಿನಲ್ಲಿ ಅಲ್ಲಿನ ಬಿಷಪ್ ಆಂಬ್ರೋಸ್ ಸಿಕ್ಕಿದರು. 387ರ ಈಸ್ಟರ್ ರಾತ್ರಿ ಜ್ಞಾನಸ್ನಾನ ಕೊಟ್ಟವರು ಅವರೇ. ಅದೇ ವರ್ಷ ರೋಮಿನ ಬಂದರು ಓಸ್ತಿಯಾದಲ್ಲಿ ಮೋನಿಕಾ ತೀರಿಕೊಂಡರು. ಏನು ಕೇಳಬೇಕು ಅನ್ನುವುದು ಅಂಥ ತಾಯಿಗೇ ಆ ರಾತ್ರಿ ಗೊತ್ತಿರಲಿಲ್ಲ. ನಮಗೆ ಮಾತ್ರ ಎಲ್ಲ ಗೊತ್ತಿರುತ್ತದೆ, ಯಾವ ಚರ್ಚು, ಯಾವ ಭಾನುವಾರ, ಯಾವ ಸಾಲಿನ ಬೆಂಚು!

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಅಗಸ್ಟಿನ್ ಜೊತೆ ಅಷ್ಟು ವರ್ಷ ಬಾಳಿದ ಹೆಂಗಸೊಬ್ಬಳಿದ್ದಳು, ಅವರ ಮಗನ ತಾಯಿ. ಹೆಸರು ಕೂಡ ಎಲ್ಲೂ ಇಲ್ಲ. ಮಗನಿಗೆ ತಕ್ಕ ಮದುವೆ ಮಾಡಲು ಮೋನಿಕಾ ಓಡಾಡುತ್ತಿದ್ದಾಗ ಅವಳನ್ನು ವಾಪಸ್ ಆಫ್ರಿಕಾಗೆ ಕಳಿಸಿದರು. ಮಗು ತಂದೆಯ ಹತ್ತಿರವೇ ಉಳಿಯಿತು. ಆ ಮದುವೆಯೂ ಆಗಲಿಲ್ಲ. ಸಂತರ ಪ್ರೀತಿಯಲ್ಲೂ ಇಂಥದ್ದು ನುಸುಳುತ್ತದೆ ಅಂದ ಮೇಲೆ ನಮ್ಮ ಪ್ರೀತಿಯನ್ನು ನಾವು ಸ್ವಲ್ಪ ಜಾಸ್ತಿಯೇ ಅನುಮಾನಿಸಬೇಕು.

ಎಲ್ಲರ ಕಥೆಯೂ ಮಿಲಾನಿನಲ್ಲಿ ಮುಗಿಯುವುದಿಲ್ಲ. ವಾಪಸ್ ಬರದೇ ತೀರಿಕೊಂಡ ಮಕ್ಕಳ ತಾಯಂದಿರು ಪ್ರತಿ ಚರ್ಚಿನಲ್ಲೂ ಇದ್ದಾರೆ. ‘ಫಲ ಖಂಡಿತ’ ಅನ್ನುವ ಮೆಸೇಜ್ ಅವರ ಫೋನಿಗೂ ಹೋಗುತ್ತದೆ. ಹಾಗಾದರೆ ನನ್ನ ಕಣ್ಣೀರು ಕಡಿಮೆ ಬಿತ್ತಾ ಅಂತ ಆ ತಾಯಿ ಕೇಳಿಕೊಳ್ಳುವುದಿಲ್ಲವಾ?

ನನ್ನ ತಮ್ಮ ನಮ್ಮನೆಗೆ ಬಂದಾಗ ಊಟಕ್ಕೆ ಮುಂಚೆ ನಾವು ಪ್ರಾರ್ಥಿಸುತ್ತೇವೆ. ಅವನು ಕಣ್ಣು ಮುಚ್ಚುವುದಿಲ್ಲ, ಶಿಲುಬೆ ಗುರುತು ಹಾಕುವುದಿಲ್ಲ. ಆದರೆ ನಾವು ಮುಗಿಸುವ ತನಕ ಅನ್ನ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಈಗಲೂ ಅವನೇ. ಒಣಹುಲ್ಲು, ಬಣ್ಣದ ಮರದಪುಡಿ, ಸೀರಿಯಲ್ ಲೈಟು ಎಲ್ಲ ಅವನ ಜವಾಬ್ದಾರಿ. ಇದನ್ನು ನೋಡಿ "ಒಳಗೊಳಗೆ ನಂಬಿಕೆ ಇದೆ" ಅಂತ ಕೆಲವರು ಖುಷಿಪಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಅವನಿಗೆ ನಮ್ಮ ಮೇಲೆ ಪ್ರೀತಿ ಇದೆ, ಅಷ್ಟೆ. ಅದನ್ನು ಸಾಕ್ಷಿ ಅಂತ ಎತ್ತಿ ಹಿಡಿದು ತೋರಿಸಿದರೆ ಮುಂದಿನ ವರ್ಷ ಗೋದಲಿಯನ್ನೂ ಬಿಟ್ಟುಬಿಡುತ್ತಾನೆ.

ಜಪಮಾಲೆ ಹೇಳುವಾಗ ಅವನು ವಾಪಸ್ ಬರಲಿ ಅಂತ ನಾನೂ ಕೇಳುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಅದರ ಜೊತೆ ಅವನ ಸೊಂಟನೋವು ಕಡಿಮೆಯಾಗಲಿ, ಮನೆ ಸಾಲ ಬೇಗ ತೀರಲಿ, ಮಗಳಿಗೆ ಒಳ್ಳೆ ಸ್ಕೂಲ್ ಸಿಗಲಿ ಅಂತಲೂ ಕೇಳುತ್ತೇನೆ. ಅವನಿಗೆ ಇದ್ಯಾವುದನ್ನೂ ಹೇಳಿಲ್ಲ. ಈ ಪೋಸ್ಟ್ ಹಾಕಲು ಮಾತ್ರ ಅವನ ಒಪ್ಪಿಗೆ ಕೇಳಿದೆ. "ಹಾಕು, ಆದ್ರೆ ಫೋಟೋ ಬೇಡ" ಅಂದ.

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅವನ ಹೆಸರು ಹಾಕಿದವರು ದಯವಿಟ್ಟು ಇವತ್ತೇ ತೆಗೆದುಬಿಡಿ. ಪ್ರಾರ್ಥನೆ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಹಬ್ಬಕ್ಕೆ ಅವನೂ ಊಟಕ್ಕೆ ಬರುತ್ತಾನೆ, ಬಂದಾಗ ಸೊಂಟ ಹೇಗಿದೆ ಅಂತ ಕೇಳಿ.